ಓರ್ಫಾ ಕೇಳಿದ ಐವತ್ನಾಲ್ಕರ ನಳಿಗೆ

ಓರ್ಫಾ ಝರ್ಬಿ ನನ್ನ ಷೆಡ್ಡಿಗೆ ಬಂದದ್ದು ಆಗಸ್ಟಿನ ಒಂದು ಶನಿವಾರ ಬೆಳಿಗ್ಗೆ. ಎರಡನೆಯ ಹುಲ್ಲು ಕೊಯ್ಲು ಮುಗಿದು ಕಣಿವೆ ತುಂಬ ಒಣಹುಲ್ಲಿನ ವಾಸನೆ. ನಾನು ಚಕಮಕಿ ಕೋವಿಯ ಬಿಡಿಭಾಗಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದೆ. ಮೂವತ್ತು ವರ್ಷದಿಂದ ನನ್ನ ಕಸುಬು ಅದೇ. ನಳಿಗೆ, ಅರ್ಧ ಕೆತ್ತಿದ ಮೇಪಲ್ ಮರದ ಹಿಡಿ, ಕಲ್ಲು ಕಚ್ಚುವ ಕುದುರೆ, ಹಿತ್ತಾಳೆಯ ತಗಡುಗಳು, ಇಷ್ಟನ್ನೂ ಒಂದು ಪೆಟ್ಟಿಗೆಯಲ್ಲಿ ಕೊಡುತ್ತೇನೆ. ಕೊಂಡವರು ತಿಂಗಳುಗಟ್ಟಲೆ ಉಜ್ಜಿ, ಕೆತ್ತಿ, ಜೋಡಿಸಿ ತಮ್ಮ ಕೋವಿ ತಾವೇ ಮಾಡಿಕೊಳ್ಳುತ್ತಾರೆ. ಪೆನ್ಸಿಲ್ವೇನಿಯಾದ ನಮ್ಮ ಬೆಟ್ಟಗಳಲ್ಲಿ ಕ್ರಿಸ್‌ಮಸ್ಸಿನ ಮರುದಿನ ಚಕಮಕಿ ಕೋವಿಯ ಜಿಂಕೆ ಬೇಟೆ ಶುರುವಾಗುತ್ತದೆ. ಕಣಿವೆಯ ಗಂಡಸರಿಗೆ ಅದು ಹಬ್ಬದ ಎರಡನೆಯ ದಿನವಿದ್ದ ಹಾಗೆ.

ಷೆಡ್ಡಿನ ಒಂದೇ ಕುರ್ಚಿಯಲ್ಲಿ ಎಂಬತ್ತು ವರ್ಷದ ಅರ್ವಿನ್ ಬೂಪ್ ಎಂದಿನಂತೆ ಕಾಫಿ ಹಿಡಿದು ಕೂತಿದ್ದ.

"ಏನಮ್ಮ ಓರ್ಫಾ, ದಾರಿ ತಪ್ಪಿ ಬಂದ್ಯಾ? ಇಲ್ಲಿ ಗುಂಡಿ ಸಿಗಲ್ಲ, ಗುಂಡು ಮಾತ್ರ."

ಓರ್ಫಾ ಇಪ್ಪತ್ತೊಂಬತ್ತು ವರ್ಷ ಶರ್ಟಿನ ಕಾರ್ಖಾನೆಯಲ್ಲಿ ಗುಂಡಿ ಹೊಲಿದವಳು. ಕಾರ್ಖಾನೆ ಮುಚ್ಚಿದ ಮೇಲೆ ಶಾಲೆಯ ಅಡುಗೆಮನೆ ಸೇರಿದ್ದಳು. ಐವತ್ತೆಂಟು ವಯಸ್ಸು, ತೆಳ್ಳನೆಯ ಮೈ, ಯಾರನ್ನೂ ನೇರವಾಗಿ ನೋಡದ ಕಣ್ಣು.

"ಗುಂಡೇ ಬೇಕಾಗಿರೋದು, ಅರ್ವಿನ್" ಎಂದಳು. ನಂತರ ನನ್ನ ಕಡೆ ತಿರುಗಿ, "ಎಲ್ವುಡ್, ನಂಗೊಂದು ಕೋವಿ ಪೆಟ್ಟಿಗೆ ಬೇಕು. ಈ ಬೇಟೆ ಕಾಲಕ್ಕೆ ಮುಗಿಸ್ಬೇಕು."

ಅರ್ವಿನ್ ಕಾಫಿ ಚೆಲ್ಲಿಕೊಂಡ. ನಾನೂ ಓರ್ಫಾಳೂ ಒಂದೇ ಶಾಲೆಯಲ್ಲಿ ಓದಿದವರು. ಅವಳು ಕೋವಿ ಮುಟ್ಟಿದ್ದನ್ನು ನಾನು ಒಮ್ಮೆಯೂ ನೋಡಿರಲಿಲ್ಲ. ಆದರೂ ಗಿರಾಕಿಗೆ ಹೇಳುವುದನ್ನು ಹೇಳಿದೆ. ಮೊದಲು ತೀರ್ಮಾನ ಮಾಡಬೇಕಾದದ್ದು ನಳಿಗೆಯ ಬಾಯಿ ಎಷ್ಟು ಅಗಲ ಎಂದು. ಅಂಗುಲವನ್ನು ನೂರು ಪಾಲು ಮಾಡಿ ಲೆಕ್ಕ ಹಾಕುತ್ತೇವೆ. ಐವತ್ತು ಪಾಲು ಅಗಲವಿದ್ದರೆ ಐವತ್ತರ ನಳಿಗೆ.

"ನಲವತ್ತೈದು ತಗೊಂಡ್ರೆ ಗುಂಡು ಹಗುರ, ಒದೆತ ಇಲ್ಲ. ಆದ್ರೆ ಜಿಂಕೆಗೆ ಸ್ವಲ್ಪ ಕಮ್ಮಿನೇ. ಐವತ್ತೆಂಟು ಅಂದ್ರೆ ಭುಜ ಕಿತ್ತು ಬರತ್ತೆ, ಮದ್ದೂ ಜಾಸ್ತಿ ಕುಡಿಯತ್ತೆ. ನಿನ್ನ ಮೈಗೆ ಐವತ್ತು ಸರಿ. ಗುಂಡು ಯಾವ ಅಂಗಡೀಲಿ ಬೇಕಾದ್ರೂ ಸಿಗತ್ತೆ."

"ಐವತ್ನಾಲ್ಕು?"

"ನಂದು ಅದೇ" ಎಂದು ಅರ್ವಿನ್ ಎದೆಯುಬ್ಬಿಸಿದ. "ಒಂದೇ ಈಡು, ಜಿಂಕೆ ನಿಂತಲ್ಲೇ ಮಂಡಿಯೂರತ್ತೆ. ಆದ್ರೆ ನೀನು ಅದನ್ನ ಹಾರಿಸಿದ್ರೆ ಜಿಂಕೆ ಮುಂದಕ್ಕೆ ಬೀಳತ್ತೆ, ನೀನು ಹಿಂದಕ್ಕೆ."

ಅವಳು ನಗಲಿಲ್ಲ. ಅರ್ವಿನ್ ಊಟಕ್ಕೆಂದು ಎದ್ದು ಹೋಗುವವರೆಗೂ ಗೋಡೆಗೆ ಒರಗಿಸಿದ್ದ ನಳಿಗೆಗಳ ಬಾಯಿಯನ್ನು ಒಂದೊಂದಾಗಿ ನೋಡುತ್ತ ನಿಂತಳು. ಅವನ ಗಾಡಿಯ ಸದ್ದು ದೂರವಾದ ಮೇಲೆ ಜೇಬಿನಿಂದ ಕರವಸ್ತ್ರದ ಗಂಟು ತೆಗೆದು ಬಿಚ್ಚಿದಳು. ಒಳಗೆ ಚಪ್ಪಟೆಯಾದ ಸೀಸದ ಮುದ್ದೆ. ಬೂದು ಬಣ್ಣ, ಒಂದು ಮಗ್ಗುಲಲ್ಲಿ ಮರದ ಸಿಪ್ಪೆಯ ಗೀರು.

"ಇದನ್ನ ತೂಗು."

ಏನದು ಎಂದು ಕೇಳುವ ಅಗತ್ಯವಿರಲಿಲ್ಲ. ಏಳು ವರ್ಷದ ಹಿಂದೆ, ಜನವರಿಯ ಎರಡನೆಯ ವಾರ, ಅವಳ ತಮ್ಮ ಲಮಾರ್, ಕ್ಲಿಂಗರ್ ಎಂಬ ಬೆಟ್ಟದ ಮೇಲೆ ಸತ್ತಿದ್ದ. ಒಂದು ಮರದ ದಿಮ್ಮಿಯ ಮೇಲೆ ಜಿಂಕೆ ಕಾಯುತ್ತ ಕೂತಿದ್ದವನ ತೊಡೆಯನ್ನು ಯಾರದೋ ಗುಂಡು ಸೀಳಿಕೊಂಡು ಹೋಗಿತ್ತು. ಹೊಡೆದವರು ಮುಂದೆ ಬರಲಿಲ್ಲ. ಆ ದಿನ ಬೆಟ್ಟದಲ್ಲಿ ಇಪ್ಪತ್ತು ಜನರಾದರೂ ಇದ್ದರು. ಪೊಲೀಸರು ಎಲ್ಲರನ್ನೂ ಕೇಳಿದರು, ಎರಡು ದಿನ ಮೊಣಕಾಲುದ್ದದ ಹಿಮ ಕೆದಕಿ ಗುಂಡು ಹುಡುಕಿದರು, ಸಿಗಲಿಲ್ಲ. ಓರ್ಫಾ, ಲಮಾರ್ ಇಬ್ಬರೂ ಮದುವೆಯಾದವರಲ್ಲ. ಅಪ್ಪ ಬಿಟ್ಟುಹೋದ ಮನೆಯಲ್ಲಿ ಒಟ್ಟಿಗೆ ಇದ್ದವರು. ಅಂದಿನಿಂದ ಪ್ರತಿ ವಸಂತದಲ್ಲೂ ಅವಳು ಒಬ್ಬಳೇ ಬೆಟ್ಟ ಹತ್ತುತ್ತಿದ್ದಳು. ಅಣಬೆ ಕೀಳಲು ಹೋಗುತ್ತಾಳೆ ಎಂದುಕೊಂಡಿದ್ದೆವು.

"ದಿಮ್ಮಿ ಹಿಂದೆ ಒಂದು ಹೆಮ್ಲಾಕ್ ಮರ ಇದೆಯಲ್ಲ" ಎಂದಳು, "ಅದರ ಬೇರಿನಲ್ಲಿತ್ತು. ಪಾಚಿ ಮುಚ್ಕೊಂಡು ಸಿಪ್ಪೆ ಬೆಳೆದುಬಿಟ್ಟಿತ್ತು. ಏಳು ವರ್ಷ ಬೇಕಾಯ್ತು ನಂಗೆ."

"ಪೊಲೀಸರಿಗೆ ಕೊಡಬೇಕಿತ್ತು ಓರ್ಫಾ."

"ಕೊಡ್ತೀನಿ. ಮೊದ್ಲು ತೂಗು."

ಮದ್ದು ತೂಗುವ ಸಣ್ಣ ತಕ್ಕಡಿಗೆ ಹಾಕಿದೆ. ಇನ್ನೂರ ಹತ್ತೊಂಬತ್ತು ಗ್ರೇನ್; ಗುಂಡು, ಮದ್ದು ತೂಗುವ ಅಳತೆ ಅದು. ಐವತ್ತರ ಗುಂಡು ನೂರ ಎಪ್ಪತ್ತೇಳರ ಮೇಲೆ ಹೋಗುವುದಿಲ್ಲ, ಐವತ್ತೆಂಟರದ್ದು ಇನ್ನೂರ ಎಂಬತ್ತರ ಹತ್ತಿರ. ಮರಕ್ಕೆ ಬಡಿದು ಚೂರುಪಾರು ಉದುರಿದೆ ಎಂದುಕೊಂಡರೂ ಬೇರೆ ಉತ್ತರವೇ ಇಲ್ಲ.

"ಐವತ್ನಾಲ್ಕು" ಎಂದೆ. 

"ಹಂಗಾದ್ರೆ ನಂಗೂ ಅದೇ ಕೊಡು. ಈ ಕಣಿವೇಲಿ ಐವತ್ನಾಲ್ಕು ಯಾರ್ಯಾರ ಹತ್ರ ಇದೆ, ನಿಂಗೆ ಗೊತ್ತಿರತ್ತೆ. ಎಲ್ಲಾ ನಿನ್ನ ಕೈಯಿಂದಲೇ ಹೋಗಿರೋದು."

ಗೊತ್ತಿತ್ತು. ನನ್ನಿಂದ ಐವತ್ನಾಲ್ಕು ಕೊಂಡವರು ಆರು ಜನ. ಐದು ಹೆಸರು ಹೇಳಿದೆ, ಅರ್ವಿನ್ ಹೆಸರೂ ಸೇರಿಸಿ. ಆರನೆಯದನ್ನು ನುಂಗಿಕೊಂಡೆ.

ಆರನೆಯವನು ಮಾಹ್ಲನ್ ಕರ್ಸ್ಟೆಟರ್. ನಮ್ಮ ಚರ್ಚಿನ ಹಿರಿಯ, ಅಗ್ನಿಶಾಮಕ ಪಡೆಯ ಸ್ವಯಂಸೇವಕರಿಗೆಲ್ಲ ನಾಯಕ, ನನ್ನ ಜೊತೆ ನಲವತ್ತು ವರ್ಷ ಒಂದೇ ಬೇಟೆ ಗುಡಿಸಿಲಿನಲ್ಲಿ ಮಲಗಿ ಎದ್ದವನು. ಲಮಾರ್ ಮನೆಗೆ ಬರಲಿಲ್ಲ ಎಂದು ಓರ್ಫಾ ಫೋನ್ ಮಾಡಿದಾಗ ಹುಡುಕಲು ಹೊರಟ ಗುಂಪಿನ ಮುಂದೆ ನಡೆದವನು ಅವನೇ. ನಾನೂ ಆ ಗುಂಪಿನಲ್ಲಿದ್ದೆ. ಮಾಹ್ಲನ್ ಅತ್ತಿತ್ತ ನೋಡದೆ ನೆಟ್ಟಗೆ ಆ ಹೆಮ್ಲಾಕ್ ಮರದ ಹತ್ತಿರ ಹೋಗಿ ನಿಂತಿದ್ದ. ಬೆಟ್ಟ ಬಲ್ಲವನು, ಎಂದುಕೊಂಡಿದ್ದೆ ಆಗ.

ಆ ಮಾರ್ಚ್‌ನಲ್ಲಿ ಅವನು ತನ್ನ ಕೋವಿ ಹಿಡಿದುಕೊಂಡು ಷೆಡ್ಡಿಗೆ ಬಂದ. "ನಳಿಗೆ ತುಕ್ಕು ಹಿಡಿದಿದೆ ಕಣೋ. ಕೊರೆದು ಐವತ್ತೆಂಟು ಮಾಡ್ಕೊಡು" ಎಂದ. ದೀಪ ಬಿಟ್ಟು ಒಳಗೆ ನೋಡಿದೆ. ಕನ್ನಡಿಯಂತೆ ಹೊಳೆಯುತ್ತಿತ್ತು. ಅವನ ಮುಖ ನೋಡಿದೆ. ಅವನು ಕಿಟಕಿಯಾಚೆ ನೋಡುತ್ತಿದ್ದ. ನಾನು ಏನೂ ಕೇಳಲಿಲ್ಲ. ಎರಡು ದಿನ ಕೂತು ಕೊರೆದುಕೊಟ್ಟೆ. ಉದುರಿದ ಉಕ್ಕಿನ ಪುಡಿಯನ್ನು ಗುಡಿಸಿ ಹೊರಗೆ ಚೆಲ್ಲಿದೆ. ಏಳು ವರ್ಷ ಆ ವಿಷಯ ಯೋಚಿಸದೆ ಇರುವುದನ್ನು ರೂಢಿ ಮಾಡಿಕೊಂಡಿದ್ದೆ.

ಸೆಪ್ಟೆಂಬರಿನಿಂದ ಓರ್ಫಾ ಪ್ರತಿ ಶನಿವಾರ ಬಂದಳು. ಮನೆಯಲ್ಲಿ ಮರ ಕಚ್ಚಿ ಹಿಡಿಯುವ ವೈಸ್ ಇಲ್ಲ, ಇಲ್ಲೇ ಮಾಡುತ್ತೇನೆ ಎಂದಳು. ಮೊದಲ ದಿನ ಉಳಿ ಹಿಡಿದಾಗಲೇ ನನಗೆ ಗೊತ್ತಾಯಿತು, ಇವಳ ಕೈ ತಪ್ಪುವುದಿಲ್ಲ ಎಂದು. ನಳಿಗೆ ಕೂರುವ ಮರದ ತೋಡನ್ನು ಕೂದಲೆಳೆಯಷ್ಟೂ ಸಂದಿಲ್ಲದಂತೆ ಕೆತ್ತಿದಳು. ನಳಿಗೆಗೆ ಮಸಿ ಬಳಿದು ಮರದಲ್ಲಿಟ್ಟು ತೆಗೆಯುವುದು, ಮಸಿ ಹತ್ತಿದ ಜಾಗವನ್ನಷ್ಟೇ ಹೆರೆಯುವುದು. ನೂರು ಸಲ, ಇನ್ನೂರು ಸಲ.  ಮಧ್ಯಾಹ್ನ ಡಬ್ಬಿ ಬಿಚ್ಚಿ ಬೀಟ್‌ರೂಟ್ ರಸದಲ್ಲಿ ನೆನೆದ ಮೊಟ್ಟೆ, ಬ್ರೆಡ್ಡು ತಿನ್ನುವಳು. ನನಗೂ ಒಂದು ಮೊಟ್ಟೆ ಕೊಡುವಳು. 

ವಾರದ ಉಳಿದ ದಿನಗಳಲ್ಲಿ ಅವಳು ಆ ಐವರ ಮನೆಗೂ ಹೋಗಿ ಬಂದಳೆಂದು ಗೊತ್ತಾಯಿತು. ಐವತ್ನಾಲ್ಕಕ್ಕೆ ಮದ್ದು ಎಷ್ಟು ಹಾಕ್ತೀರಿ, ಗುಂಡಿಗೆ ಬಟ್ಟೆ ಯಾವುದು ಸುತ್ತುತ್ತೀರಿ ಎಂದು ಶುರುಮಾಡಿ, ಕೊನೆಗೆ ಆ ಜನವರಿಯ ದಿನ ಎಲ್ಲಿದ್ದಿರಿ ಎಂಬಲ್ಲಿಗೆ ಬರುತ್ತಿದ್ದಳಂತೆ. ಒಬ್ಬ ಆಸ್ಪತ್ರೆಯಲ್ಲಿದ್ದ. ಇಬ್ಬರು ಬೇರೆ ಬೆಟ್ಟದಲ್ಲಿದ್ದರು. ಒಬ್ಬ ಕೋವಿ ಕೊಂಡದ್ದೇ ಅದರ ಮರುವರ್ಷ. ಅರ್ವಿನ್ ಮಂಡಿ ನೋವೆಂದು ಒಲೆಯ ಮುಂದೆ ಕೂತಿದ್ದ. ಒಂದೊಂದು ಶನಿವಾರ ಬಂದಾಗಲೂ ಒಂದೊಂದು ಹೆಸರು ಅಳಿದಿರುತ್ತಿತ್ತು. ಅವಳು ಹೇಳುತ್ತಿರಲಿಲ್ಲ. ಆದರೆ ಉಳಿ ಹಿಡಿಯುವ ಮೊದಲು ಒಂದು ಕ್ಷಣ ನನ್ನ ಕೈಗಳನ್ನೇ ನೋಡುತ್ತಿದ್ದಳು.

ಅಕ್ಟೋಬರ್ ಕೊನೆಯಲ್ಲಿ ಒಂದು ಶನಿವಾರ ಷೆಡ್ಡಿನ ಬಾಗಿಲು ಕತ್ತಲಾಯಿತು. ಮಾಹ್ಲನ್ ನಿಂತಿದ್ದ. ದೊಡ್ಡ ಆಳು, ಬಾಗಿಲು ತುಂಬುವ ಭುಜ. ಚಕಮಕಿ ಕಲ್ಲು ಕೊಳ್ಳಲು ಬಂದಿದ್ದ. ಓರ್ಫಾಳನ್ನು ನೋಡಿ ಟೋಪಿ ತೆಗೆದ.

"ಕೆಲಸ ಚೆನ್ನಾಗಿ ಮಾಡ್ತಿದೀಯಮ್ಮ. ಎಷ್ಟರದ್ದು?"

"ಐವತ್ನಾಲ್ಕು."

ಅವನು ನಳಿಗೆಯ ಬಾಯಿಗೆ ಕಿರುಬೆರಳು ಇಟ್ಟು ನೋಡಿದ. "ದೊಡ್ಡದಾಯ್ತಲ್ಲ ನಿಂಗೆ. ಐವತ್ತು ಸಾಕಿತ್ತು. ಎಲ್ವುಡ್ ಹೇಳ್ಲಿಲ್ವಾ?"

"ಹೇಳಿದ. ನಾನೇ ಕೇಳಿ ತಗೊಂಡೆ. ನಿಮ್ದು ಎಷ್ಟರದ್ದು?"

"ಐವತ್ತೆಂಟು."

"ಯಾವಾಗ್ಲೂ ಅದೇನಾ?"

ಮಾಹ್ಲನ್ ತಲೆ ಎತ್ತಲಿಲ್ಲ. ನಳಿಗೆಯನ್ನು ಮೆಲ್ಲನೆ ಕೆಳಗಿಟ್ಟು, ಬೆರಳಿಗೆ ಅಂಟಿದ ಮಸಿಯನ್ನು ಪ್ಯಾಂಟಿಗೆ ಒರೆಸಿಕೊಂಡ. "ನಂಗೆ ದೊಡ್ಡದೇ ಒಗ್ಗೋದು" ಎಂದ. ಹೊರಡುವಾಗ ನನ್ನ ಕಣ್ಣಿಗೆ ಕಣ್ಣು ಕೂಡಿಸಿದ. ಬೈಗುಳವಿಲ್ಲ, ಬೇಡಿಕೆಯೂ ಇಲ್ಲ. ಬಾವಿಗೆ ಬಿದ್ದವನು ಮೇಲೆ ನಿಂತವನನ್ನು ನೋಡುವ ನೋಟ. ಕಲ್ಲುಗಳನ್ನು ಮೇಜಿನ ಮೇಲೇ ಮರೆತು ಹೋದ.

ನವೆಂಬರಿನಲ್ಲಿ ಕೋವಿ ಮುಗಿಯಿತು. ಷೆಡ್ಡಿನ ಹಿಂದಿನ ಹೊಲದಲ್ಲಿ ಹಲಗೆ ನೆಟ್ಟು ಪರೀಕ್ಷೆಗೆ ನಿಂತೆವು. ಅರ್ವಿನ್ ತಮಾಷೆ ನೋಡಲು ಕುರ್ಚಿ ಸಮೇತ ಬಂದಿದ್ದ. ಓರ್ಫಾ ಮೂರು ಈಡು ಹಾರಿಸಿದಳು. ಮೂರೂ ಒಂದು ತಟ್ಟೆಯ ಅಗಲದಲ್ಲಿ ಬಿದ್ದವು. ಒದೆತಕ್ಕೆ ಅವಳ ಮೈ ಅಲುಗಿತು, ಕಾಲು ಅಲುಗಲಿಲ್ಲ.

"ಅಯ್ಯೋ ದೇವರೇ" ಎಂದ ಅರ್ವಿನ್. "ಇವಳ ಕೈಗೆ ಮಾಹ್ಲನ್ ಕೋವಿ ಕೊಟ್ಟಿದ್ರೂ ನಿಭಾಯಿಸೋಳು."

"ಅದು ಐವತ್ತೆಂಟಲ್ವಾ" ಎಂದಳು ಓರ್ಫಾ, ನಳಿಗೆ ಒರೆಸುತ್ತ.

"ಈಗ ಐವತ್ತೆಂಟು. ಮೊದ್ಲು ನಮ್ಮ ಥರ ಐವತ್ನಾಲ್ಕೇ ಇತ್ತು. ಇವನೇ ಅಲ್ವಾ ಕೊರೆದು ದೊಡ್ಡ ಮಾಡಿದ್ದು, ಎಲ್ವುಡ್? ಯಾವ ವರ್ಷ ಅದು? ನನ್ನ ಮಂಡಿ ಕೈ ಕೊಟ್ಟ ವರ್ಷ..."

ಹೇಳುತ್ತ ಹೇಳುತ್ತಲೇ ಮುದುಕನಿಗೆ ತಾನು ಏನು ಹೇಳುತ್ತಿದ್ದೇನೆಂದು ಹೊಳೆಯಿತು.  ಹೊಲದಾಚೆ ಕಾಗೆಗಳು ಕೂಗುತ್ತಿದ್ದವು. ಓರ್ಫಾ ನನ್ನ ಕಡೆ ತಿರುಗಿ, ಮೊದಲ ಬಾರಿಗೆ ನೆಟ್ಟ ನೋಟದಲ್ಲಿ ನೋಡಿದಳು.

"ಐದು ಹೆಸ್ರು ಹೇಳಿದ್ದೆ ನೀನು."

 ಅವಳು ಕೋವಿಯನ್ನು ಹಳೆಯ ಕಂಬಳಿಯಲ್ಲಿ ಸುತ್ತಿಕೊಂಡು, ಮದ್ದು ತುಂಬಿಡುವ ಕೊಂಬನ್ನು ಹೆಗಲಿಗೆ ಹಾಕಿಕೊಂಡು ನಡೆದೇಬಿಟ್ಟಳು.

ಮುಂದಿನ ನಾಲ್ಕು ವಾರ ನಾನು ಹೇಗೆ ಕಳೆದೆನೋ. ಪೊಲೀಸರಿಗೆ ಹೇಳಬಹುದಿತ್ತು. ಏನೆಂದು ಹೇಳುವುದು? ಏಳು ವರ್ಷ ಯಾಕೆ ಸುಮ್ಮನಿದ್ದೆ ಎಂದರೆ? ಹೆದರಿಕೆ ನನ್ನ ಬಗ್ಗೆಯೇ ಇತ್ತು ಎಂಬುದನ್ನು ಈಗ ಒಪ್ಪಿಕೊಳ್ಳುತ್ತೇನೆ. ಕ್ರಿಸ್‌ಮಸ್ಸಿಗೆ ಎರಡು ದಿನ ಇರುವಾಗ ಮಾಹ್ಲನ್ ಮನೆಗೆ ಹೋದೆ. ಅವನ ಹೆಂಡತಿ ನೇಯೋಮಿ ಒಳಗೆ ಹಿಟ್ಟು ನಾದುತ್ತಿದ್ದಳು. ಅವನು ಅಂಗಳದಲ್ಲಿ ಸೌದೆ ಸೀಳುತ್ತಿದ್ದ.

"ಈ ಸಲ ಬೆಟ್ಟಕ್ಕೆ ಹೋಗ್ಬೇಡ ಕಣೋ" ಎಂದೆ.

ಕೊಡಲಿ ನಿಲ್ಲಿಸಿದ. "ಅವಳಿಗೆ ಗೊತ್ತಾಯ್ತಾ?"

ಅಷ್ಟೇ. ಏಳು ವರ್ಷ ನಾನು ಕೇಳದ ಪ್ರಶ್ನೆಗೆ ಅದೇ ಉತ್ತರ.

"ಗೊತ್ತಾಯ್ತು. ನೀನೇ ಹೋಗಿ ಪೊಲೀಸರ ಹತ್ರ ಹೇಳು ಮಾಹ್ಲನ್."

"ಎಷ್ಟು ಸಲ ಹೊರಟಿದೀನಿ ಗೊತ್ತಾ ನಿಂಗೆ?" ಎಂದು ಇನ್ನೊಂದು ಕೊರಡನ್ನು ನಿಲ್ಲಿಸಿದ. "ಎಲ್ವುಡ್, ಬೆಟ್ಟಕ್ಕೆ ಹೋಗೇ ಹೋಗ್ತೀನಿ. ಬರೋದು ಬರ್ಲಿ."

ಇಪ್ಪತ್ತಾರರ ಬೆಳಿಗ್ಗೆ ಸಣ್ಣಗೆ ಹಿಮ ಉದುರುತ್ತಿತ್ತು. ನಾನು ಬೆಟ್ಟದ ಬುಡ ಮುಟ್ಟಿದಾಗ ಮಾಹ್ಲನ್‌ನ ಟ್ರಕ್ಕು ಅಲ್ಲಿತ್ತು, ಅದರ ಹಿಂದೆ ಓರ್ಫಾಳ ಹಳೆಯ ಕಾರು. ದಾರಿಯಲ್ಲಿ ದೊಡ್ಡ ಬೂಟಿನ ಹೆಜ್ಜೆ. ಪ್ರತಿ ದೊಡ್ಡ ಹೆಜ್ಜೆಯೊಳಗೂ ಒಂದು ಸಣ್ಣ ಬೂಟಿನ ಹೆಜ್ಜೆ ಅಳತೆ ಮಾಡಿ ಇಟ್ಟ ಹಾಗೆ. ಅರವತ್ತರ ಹತ್ತಿರದ ನನ್ನ ಎದೆ ಒಡೆಯುವಂತೆ ಹತ್ತಿದೆ. ಯಾವ ಗಳಿಗೆಯಲ್ಲಿ ಈಡಿನ ಸದ್ದು ಕೇಳುವುದೋ ಎಂದು ಕಿವಿ ಅತ್ತಲೇ ಇತ್ತು. ಬೆಟ್ಟದಲ್ಲಿ ಹಕ್ಕಿಯ ದನಿಯೂ ಇರಲಿಲ್ಲ.

ಮಾಹ್ಲನ್ ಹೆಮ್ಲಾಕ್ ಮುಂದಿನ ಆ ದಿಮ್ಮಿಯ ಮೇಲೆಯೇ ಕೂತಿದ್ದ. ಕೋವಿ ಹತ್ತಡಿ ದೂರದಲ್ಲಿ ಹಿಮದಲ್ಲಿ ಬಿದ್ದಿತ್ತು, ತಾನೇ ಎಸೆದಿದ್ದ ಎಂದು ಕಾಣುತ್ತದೆ. ಅವನೆದುರು, ಇಪ್ಪತ್ತು ಹೆಜ್ಜೆಯಲ್ಲಿ, ಓರ್ಫಾ. ಕೋವಿ ಭುಜಕ್ಕೇರಿತ್ತು, ಕುದುರೆ ಪೂರ್ತಿ ಎಳೆದಿತ್ತು.

"ಅಲ್ಲೇ ನಿಂತ್ಕೋ ಎಲ್ವುಡ್" ಎಂದಳು, ತಿರುಗಿ ನೋಡದೆ. "ನೀನೂ ಕೇಳು. ಹೇಳು ಮಾಹ್ಲನ್, ಅವನು ಕೂಗಿದ್ನಾ?"

"ಕೂಗಿದ."

"ಏನಂತ?"

ಮಾಹ್ಲನ್ ಕೈಗವಸು ಬಿಚ್ಚಿ ಮುಖ ಒರೆಸಿಕೊಂಡ. "ಈಡು ತಗುಲಿದ ಮೇಲೆ ನನ್ನನ್ನ ನೋಡಿ ಹೆಸ್ರು ಹಿಡಿದು ಕೂಗಿದ. ಮಾಹ್ಲನ್, ನಾನು ಲಮಾರ್, ಅಂತ. ಜಿಂಕೆ ಅಂದ್ಕೊಂಡು ಹೊಡೆದಿದ್ದೆ. ಹತ್ರ ಬಂದು ನೋಡ್ದೆ. ಕಾಲಿಗೆ ತಾನೇ ಬಿದ್ದಿರೋದು, ಬದುಕ್ತಾನೆ ಅನ್ನಿಸ್ತು. ಬೆಲ್ಟ್ ಬಿಗಿದು ಕಟ್ಟು, ಜನ ಕರ್ಕೊಂಡು ಬರ್ತೀನಿ ಅಂದೆ. ಇಳಿದು ಹೋದೆ. ಟ್ರಕ್ಕಲ್ಲಿ ಕೂತೆ. ಕೂತೇ ಇದ್ದೆ. ಜನ ಏನಂತಾರೆ, ಚರ್ಚಲ್ಲಿ ಏನಂತಾರೆ, ಅಂತ. ಎರಡು ಗಂಟೆ. ಆಮೇಲೆ ಮನೆಗೆ ಹೋದೆ. ನಿನ್ನ ಫೋನ್ ಬಂತು."

"ನೀನು ಬರ್ತೀಯ ಅಂತ ಕಾಯ್ತಾ ಇದ್ದ ಅವನು."

"ಹೂಂ. ಕಾಯ್ತಾ ಇದ್ದ."

ಓರ್ಫಾ ಕುದುರೆ ಬಿಟ್ಟಳು. ಕಲ್ಲು ಬಡಿದು ಕಿಡಿ ಹಾರಿತು. ಕುದುರೆಯ ಕೆಳಗಿನ ಪುಟ್ಟ ಬಟ್ಟಲಿನ ಮದ್ದು ಬುಸ್ಸೆಂದು ಉರಿದು ಹೊಗೆ ಎದ್ದಿತು. ಅಷ್ಟೇ. ನಳಿಗೆಯೊಳಗಿನ ಮದ್ದಿಗೆ ಬೆಂಕಿ ಹತ್ತಲಿಲ್ಲ. ಬಟ್ಟಲಿನಿಂದ ಬೆಂಕಿ ಒಳಗೆ ಹೋಗುವ ಕಿಂಡಿಯೊಳಕ್ಕೆ ಹಿಮದ ಪಸೆ ಇಳಿದಿತ್ತು.  ಮಾಹ್ಲನ್ ಕಣ್ಣು ಮುಚ್ಚಿದ್ದವನು ತೆರೆದ.

"ಕಿಂಡಿ ಚುಚ್ಚಿ ಒಣಗಿಸು" ಎಂದ, ಮೆತ್ತಗೆ. "ಹೊಸ ಮದ್ದು ಹಾಕ್ಕೋ. ನಾನು ಎಲ್ಲಿಗೂ ಹೋಗಲ್ಲ."

ಅವಳು ಮದ್ದಿನ ಕೊಂಬು ಬಗ್ಗಿಸಿದಳು. ತಿಂಗಳುಗಟ್ಟಲೆ ಒಮ್ಮೆಯೂ ತಪ್ಪದ ಆ ಕೈ ಈಗ ತಪ್ಪಿತು. ಕಪ್ಪು ಮದ್ದು ಬಟ್ಟಲಿಗೆ ಬೀಳದೆ ಬಿಳಿಯ ಹಿಮದ ಮೇಲೆ ಉದುರಿತು. ಮತ್ತೆ ಬಗ್ಗಿಸಿದಳು, ಮತ್ತೆ ಚೆಲ್ಲಿತು. ಆಮೇಲೆ ಕೊಂಬಿಗೆ ಬಿರಡೆ ಹಾಕಿದಳು.

"ಇಲ್ಲಿ ಸತ್ರೆ ನಿಂಗೆ ಸುಲಭ" ಎಂದಳು. "ಏಳು. ಕೆಳಗೆ ನಡಿ. ನಂಗೆ ಹೇಳಿದ್ದನ್ನ ಅಗ್ನಿಶಾಮಕದ ಹಾಲ್‌ನಲ್ಲಿ, ಎಲ್ಲರ ಮುಂದೆ ಹೇಳು. ನೇಯೋಮಿ ಮುಂದೆ ಹೇಳು."

ಅವನು ಮುಂದೆ, ಅವಳು ಹಿಂದೆ, ನಾನು ಇಬ್ಬರ ಕೋವಿಯನ್ನೂ ಹೊತ್ತು ಕೊನೆಯಲ್ಲಿ. ಹಾಲ್‌ನಲ್ಲಿ ಬೇಟೆಗಾರರಿಗೆಂದು ಸೂಪು ಕಾಯುತ್ತಿತ್ತು, ಮೂವತ್ತು ಜನರಿದ್ದರು. ಮಾಹ್ಲನ್ ಟೋಪಿ ತೆಗೆದು ನಿಂತು ಎಲ್ಲವನ್ನೂ ಹೇಳಿದ. ಸೂಪು ಬಡಿಸುತ್ತಿದ್ದ ನೇಯೋಮಿ ಸೌಟು ಕೆಳಗಿಟ್ಟು, ಏಪ್ರನ್ ಬಿಚ್ಚಿ, ಗಂಡನ ಕಡೆ ನೋಡದೆ ಹೊರಗೆ ಹೋದಳು. ಪೊಲೀಸರು ಬರುವ ಮೊದಲು ನಾನು ಓರ್ಫಾಳ ಕೋವಿಯಿಂದ ಒದ್ದೆ ಮದ್ದನ್ನೂ ಗುಂಡನ್ನೂ ತೆಗೆದೆ. ಅವಳು ಕುದುರೆ ಬಿಟ್ಟದ್ದನ್ನು ನಾನು ಯಾರಿಗೂ ಹೇಳಲಿಲ್ಲ. ಮಾಹ್ಲನ್ ಕೂಡ ಕೊನೆಯವರೆಗೂ ಆ ಮಾತೆತ್ತಲಿಲ್ಲ.

ನಳಿಗೆ ಕೊರೆದ ಕತೆಯನ್ನು ಮಾತ್ರ ಪೊಲೀಸರಿಗೆ ನಾನೇ ಹೇಳಿದೆ. ನನ್ನ ಮೇಲೆ ಮೊಕದ್ದಮೆ ಆಗಲಿಲ್ಲ. ಆದರೆ ಗಿರಾಕಿಗಳು ಕಡಮೆಯಾದರು, ಚರ್ಚಿನಲ್ಲಿ ನನ್ನ ಪಕ್ಕದ ಜಾಗ ಖಾಲಿ ಉಳಿಯಿತು. ಅದು ತಪ್ಪೆಂದು ನನಗೆ ಅನ್ನಿಸುವುದಿಲ್ಲ. ಮಾಹ್ಲನ್‌ಗೆ ಐದು ವರ್ಷದ ಶಿಕ್ಷೆಯಾಯಿತು. ಮೂರನೆಯ ವರ್ಷ ಜೈಲಿನಲ್ಲೇ ಎದೆನೋವು ಬಂದು ತೀರಿಕೊಂಡ. ಮಣ್ಣಿಗೆ ಹೋದವರು ಒಂಬತ್ತು ಜನ.

ಓರ್ಫಾ ಆ ಕೋವಿಯನ್ನು ಮತ್ತೆ ನನ್ನಿಂದ ಕೇಳಿ ಪಡೆಯಲಿಲ್ಲ. ಇದನ್ನೆಲ್ಲ ಬರೆಯಲೇ ಎಂದು ಹೋದ ತಿಂಗಳು ಅಂಚೆ ಕಚೇರಿಯ ಮೆಟ್ಟಿಲಲ್ಲಿ ಅವಳನ್ನು ಕೇಳಿದೆ. 

"ಕುದುರೆ ಬಿಟ್ಟಿದ್ದನ್ನೂ ಬರೀತೀಯಾ?"

"ನೀನು ಬೇಡ ಅಂದ್ರೆ ಇಲ್ಲ."

"ಬರಿ. ನಾನೇನೋ ದೊಡ್ಡ ಮನಸ್ಸು ಮಾಡಿ ಅವನನ್ನ ಬಿಟ್ಟೆ ಅಂತ ಜನ ಅಂದ್ಕೊಂಡಿದಾರೆ. ಅದನ್ನ ಕೇಳಿ ಕೇಳಿ ಸಾಕಾಗಿದೆ."

ಮಾಹ್ಲನ್‌ನನ್ನು ಮಣ್ಣು ಮಾಡಿದ ವಾರ ನೇಯೋಮಿ ಒಂದು ಸೇಬಿನ ಪೈ ಮಾಡಿ ಓರ್ಫಾಳ ಜಗುಲಿಯಲ್ಲಿಟ್ಟು, ಬಾಗಿಲು ತಟ್ಟದೆ ಹೋಗಿದ್ದಳು. ಮೂರು ದಿನ ಅದು ಬಟ್ಟೆ ಮುಚ್ಚಿಕೊಂಡು ಅಲ್ಲೇ ಇತ್ತು. ದಾರಿಯಲ್ಲಿ ಹೋಗುವವರೆಲ್ಲ ನೋಡಿದರು, ನಾನೂ ನೋಡಿದೆ. ನಾಲ್ಕನೆಯ ಬೆಳಿಗ್ಗೆ ಇರಲಿಲ್ಲ. ಅವಳು ಒಳಗೆ ತೆಗೆದುಕೊಂಡಳೋ, ಯಾವುದಾದರೂ ನಾಯಿ ಎಳೆದುಕೊಂಡು ಹೋಯಿತೋ ತಿಳಿಯದು. ಆ ಭಾನುವಾರ ಚರ್ಚಿನಲ್ಲಿ ಇಬ್ಬರು ಹೆಂಗಸರೂ ಒಂದೇ ಬೆಂಚಿನ ಎರಡು ತುದಿಯಲ್ಲಿ ಕೂತಿದ್ದರು. ನಡುವೆ ಯಾರೂ ಕೂರಲಿಲ್ಲ.